ಉಕ್ಕಿನ ಹದ ಮತ್ತು ಒಂದು ಬಿರುಕಿನ ಚರಿತ್ರೆ

ನನ್ನ ಸೋದರಮಾವ ಹರಿಹರದಲ್ಲಿ ಟರ್ನರ್ ಆಗಿದ್ದರು. ಯಂತ್ರಪುರದ ಮೈಸೂರು ಕಿರ್ಲೋಸ್ಕರ್ ಅಂದರೆ ಆಗ ನಮ್ಮ ಕಡೆ ದೊಡ್ಡ ಹೆಸರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ದೇಶದ ತುಂಬ ಓಡುತ್ತಿದ್ದವು. ನಾನು ಓದಿದ ದಾವಣಗೆರೆಯ ಬಿಡಿಟಿ ಕಾಲೇಜಿನ ವರ್ಕ್‌ಶಾಪಿನಲ್ಲೂ ಇದ್ದವು.

1989ರ ಮಾತು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಪೇಪರಿನ ತುಂಬ ಕೈಗಾ ಸುದ್ದಿ. ಶಿವರಾಮ ಕಾರಂತರು ಆ ವಯಸ್ಸಿನಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತಿದ್ದರು. ಒಂದು ಭಾನುವಾರ ಮಾವನ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಇದೇ ಮಾತು ನಡೆದಿತ್ತು.

"ಅಲ್ಲಲೇ, ಅದೂ ಒಂದು ಬಾಯ್ಲರ್ ಇದ್ದಂಗೆ ಅಲ್ಲೇನು? ಉಕ್ಕಿಂದು ಮಾಡಿರ್ತಾರೆ. ನೂರು ವರ್ಷ ಆದ್ರೂ ಏನಾಗ್ತತೆ ಅದಕ್ಕೆ?" ಅಂದರು ಮಾವ. ಆಮೇಲೆ ತಾವೇ ಸ್ವಲ್ಪ ಯೋಚಿಸಿ, "ಅದರ ಒಳಗಿನ ಬೆಂಕಿ ಬೇರೆ ಥರ ಅಂತಾರೆ. ಅದರಾಗೆ ಉಕ್ಕು ಹದ ಕಳ್ಕಂತತೇನೋ? ನಿಮ್ಮ ಪುಸ್ತಕದಾಗೆ ಐತೇನು ನೋಡು" ಅಂದರು.

ನಮ್ಮ ಪುಸ್ತಕದಲ್ಲಿ ಇರಲಿಲ್ಲ. ನಾನು ಏನೋ ತೇಲಿಸಿ ಹೇಳಿ ಸುಮ್ಮನಾದೆ. ಆ ಪ್ರಶ್ನೆಗೆ ಉತ್ತರ ಸಿಗೋದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಸಿಕ್ಕಾಗ ಗೊತ್ತಾಗಿದ್ದು ಇಷ್ಟು: ಮಾವ ಕೇಳಿದ ಪ್ರಶ್ನೆಯನ್ನೇ ನಮ್ಮ ದೇಶದ ಅಣುವಿಜ್ಞಾನಿಗಳು ಆಗಷ್ಟೇ ಎದುರಿಸುತ್ತಿದ್ದರು, ಅದೂ ಒಂದು ರಿಯಾಕ್ಟರಿನಲ್ಲಿ ಬಿರುಕು ಬಿಟ್ಟ ಮೇಲೆ. ಅದರ ಕಥೆಯನ್ನೇ ಇಲ್ಲಿ ಬರೆಯೋಣ ಅಂತ.

ಮೊದಲು ಹದದ ಮಾತು. ಟರ್ನರುಗಳಿಗೂ ಕಮ್ಮಾರರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಕುಡುಗೋಲು ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ. ಅದ್ದಿದ್ದು ಹೆಚ್ಚಾದರೆ ಪೆಡಸಾಗುತ್ತದೆ, ಕಲ್ಲಿಗೆ ತಾಗಿದರೆ ಬಾಗೋದಿಲ್ಲ, ಪಟ್ ಅಂತ ಮುರಿಯುತ್ತದೆ. ಲೇತಿನ ಟೂಲ್ ಕೂಡ ಹಾಗೇ. ಗಡಸು ಬೇರೆ, ತಾಳಿಕೆ ಬೇರೆ. ಗಡಸುತನ ಹೆಚ್ಚಿದಷ್ಟೂ ತಾಳಿಕೆ ಕಡಿಮೆಯಾಗೋದು ಉಕ್ಕಿನ ಹಳೇ ಜಾಯಮಾನ.

ಇದನ್ನು ಅಳೆಯೋ ಯಂತ್ರ ನಮ್ಮ ಕಾಲೇಜಿನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿತ್ತು. ಮೆಕ್ಯಾನಿಕಲ್ ಓದಿದವರಿಗೆಲ್ಲ ನೆನಪಿರುತ್ತದೆ, ಚಾರ್ಪಿ ಇಂಪ್ಯಾಕ್ಟ್ ಟೆಸ್ಟು. ಗಡಿಯಾರದ ಲೋಲಕದ ಥರ ತೂಗಾಡೋ ಒಂದು ಭಾರದ ಸುತ್ತಿಗೆ. ಕೆಳಗೆ 10 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ, 55 ಮಿಲಿಮೀಟರ್ ಉದ್ದದ ಉಕ್ಕಿನ ತುಂಡು. ಅದರ ನಡುವೆ 2 ಮಿಲಿಮೀಟರ್ ಆಳದ ಒಂದು ಕಚ್ಚು. ಸುತ್ತಿಗೆ ಮೇಲಿಂದ ಬಂದು ಕಚ್ಚಿನ ಹಿಂಬದಿಗೆ ಹೊಡೆದು, ತುಂಡನ್ನು ಮುರಿದು ಆ ಕಡೆ ಏರುತ್ತದೆ. ಎಷ್ಟು ಕಡಿಮೆ ಏರಿತೋ ಅಷ್ಟು ಶಕ್ತಿಯನ್ನು ಆ ತುಂಡು ನುಂಗಿತು ಅಂತ ಲೆಕ್ಕ. ಡಯಲ್ ಮೇಲಿನ ಮುಳ್ಳು ಅದನ್ನು ಜೂಲ್‌ಗಳಲ್ಲಿ ತೋರಿಸುತ್ತದೆ.

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಟೆಸ್ಟು ಮಾಡಿದರೆ ಎಲ್ಲ ತುಂಡೂ ಒಂದೇ ಥರ ಮುರಿಯುತ್ತಿದ್ದವು. ನಮಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಒಂದು ದಿನ ಐಸ್ ಕ್ಯಾಂಡಿ ಅಂಗಡಿಯಿಂದ ಐಸ್ ತರಿಸಿ, ಉಪ್ಪು ಬೆರೆಸಿ, ಅದರಲ್ಲಿ ಎರಡು ತುಂಡು ಅರ್ಧ ಗಂಟೆ ಹೂತಿಟ್ಟರು. ಆಮೇಲೆ ತೆಗೆದು ತಕ್ಷಣ ಹೊಡೆಸಿದರು. ಮುಳ್ಳು ಮೊದಲಿನಷ್ಟು ದೂರ ಹೋಗಲೇ ಇಲ್ಲ! ಬಿಸಿಲಲ್ಲಿ ಮುರಿದ ತುಂಡಿನ ಮುಖ ಬೂದು ಬಣ್ಣಕ್ಕೆ, ನಾರುನಾರಾಗಿ, ಕಬ್ಬು ಮುರಿದ ಹಾಗಿತ್ತು. ಐಸಿನಲ್ಲಿಟ್ಟಿದ್ದು ಕಲ್ಲುಸಕ್ಕರೆ ಒಡೆದ ಹಾಗೆ ಮಿರಿಮಿರಿ ಹರಳು. ಉಕ್ಕು ಅದೇ, ಸುತ್ತಿಗೆ ಅದೇ. ಬದಲಾಗಿದ್ದು ಉಷ್ಣತೆ ಮಾತ್ರ.

ಅಂದರೆ ಸಾಮಾನ್ಯ ಉಕ್ಕಿಗೆ ಒಂದು ಗಡಿ ಇದೆ. ಅದಕ್ಕಿಂತ ಬೆಚ್ಚಗಿದ್ದಾಗ ಬಾಗಿ, ಹಿಗ್ಗಿ, ಹೆದರಿಸಿ ಮುರಿಯುತ್ತದೆ. ಅದಕ್ಕಿಂತ ತಣ್ಣಗಿದ್ದಾಗ ಹೇಳದೆ ಕೇಳದೆ ಒಡೆಯುತ್ತದೆ. ಈ ಗಡಿ ಎಲ್ಲಿದೆ ಅನ್ನೋದೇ ಈ ಕಥೆಯ ಜೀವ.

ಫ್ರಾನ್ಸಿನ ಜಾರ್ಜ್ ಚಾರ್ಪಿ ಈ ಪರೀಕ್ಷೆಯನ್ನು 1901ರಲ್ಲಿ ಪ್ರಕಟಿಸಿದ್ದ. ಆದರೆ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕ ಆಗ ರಿವೆಟ್ ಬಿಟ್ಟು ಬೆಸುಗೆ ಹಾಕಿ ಹಡಗುಗಳನ್ನು ತಯಾರಿಸುತ್ತಿತ್ತು. ಲಿಬರ್ಟಿ ಅನ್ನೋ ಮಾದರಿಯ ಹಡಗುಗಳೇ 2,700ಕ್ಕೂ ಹೆಚ್ಚು. 1943ರ ಜನವರಿ 16ರ ರಾತ್ರಿ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಅನ್ನೋ ಹೊಸ ಟ್ಯಾಂಕರ್ ಹಡಗು ದಡದಲ್ಲಿ ಸುಮ್ಮನೆ ನಿಂತಿದ್ದಾಗಲೇ ದೊಡ್ಡ ಸದ್ದು ಮಾಡಿ ನಡು ಮುರಿದುಕೊಂಡಿತು. ಬಿರುಗಾಳಿ ಇಲ್ಲ, ಬಾಂಬ್ ಇಲ್ಲ. ಇದ್ದಿದ್ದು ಚಳಿ.

ಎಲ್ಲರೂ ಬೆಸುಗೆಯನ್ನು ಬೈದರು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಅನ್ನೋ ಮಹಿಳೆ ಮುರಿದ ಉಕ್ಕನ್ನೇ ಪರೀಕ್ಷಿಸಿ, ತಪ್ಪು ಬೆಸುಗೆಯದ್ದಷ್ಟೇ ಅಲ್ಲ, ಆ ಉಕ್ಕು ಸಮುದ್ರದ ಚಳಿಯಲ್ಲಿ ಪೆಡಸಾಗುತ್ತದೆ ಅಂತ ತೋರಿಸಿಕೊಟ್ಟರು. ರಿವೆಟ್ ಹಾಕಿದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆಯ ಹಡಗು ಒಂದೇ ತಗಡಿದ್ದ ಹಾಗೆ, ಬಿರುಕಿಗೆ ತಡೆಯೇ ಇಲ್ಲ.

ಇದೇ ಹೊತ್ತಿನಲ್ಲಿ ಶಿಕಾಗೋದಲ್ಲಿ ಮೊದಲ ರಿಯಾಕ್ಟರ್ ಕಟ್ಟುತ್ತಿದ್ದ ಗುಂಪಿನಲ್ಲಿ ಯೂಜೀನ್ ವಿಗ್ನರ್ ಅನ್ನೋ ವಿಜ್ಞಾನಿ ಇದ್ದರು. 1942ರಲ್ಲೇ ಅವರಿಗೊಂದು ಅನುಮಾನ. ಯುರೇನಿಯಂ ಒಡೆದಾಗ ಹೊರಬರೋ ವೇಗದ ನ್ಯೂಟ್ರಾನುಗಳು ಸುತ್ತಲಿನ ವಸ್ತುವಿನ ಪರಮಾಣುಗಳನ್ನು ಅವುಗಳ ಜಾಗದಿಂದ ಎತ್ತಿ ಹಾಕಬಹುದಲ್ಲವೇ? ಹಾಗಾದರೆ ಆ ವಸ್ತು ಮೊದಲಿನಂತೆ ಉಳಿಯುತ್ತದೆಯೇ? ಅವರು ಯೋಚಿಸುತ್ತಿದ್ದಿದ್ದು ಗ್ರಾಫೈಟ್ ಬಗ್ಗೆ. ಆದರೆ ಪ್ರಶ್ನೆ ಉಕ್ಕಿಗೂ ಹೊಂದುತ್ತದೆ. ನಮ್ಮ ಮಾವ ಕೇಳಿದ್ದೂ ಇದನ್ನೇ ಅಲ್ಲವೇ :)

ಒಳಗೆ ಆಗೋದು ಇಷ್ಟು. ಉಕ್ಕಿನಲ್ಲಿ ಕಬ್ಬಿಣದ ಪರಮಾಣುಗಳು ಸಾಲಾಗಿ, ಕ್ರಮವಾಗಿ ಕೂತಿರುತ್ತವೆ. ಯುರೇನಿಯಂ ಒಡೆದಾಗ ಹುಟ್ಟೋ ನ್ಯೂಟ್ರಾನಿಗೆ ಸರಾಸರಿ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಕಬ್ಬಿಣದ ಪರಮಾಣು ಅದಕ್ಕಿಂತ 56 ಪಟ್ಟು ಭಾರ. ನೇರವಾಗಿ ಹೊಡೆದರೂ ನ್ಯೂಟ್ರಾನ್ ತನ್ನ ಶಕ್ತಿಯಲ್ಲಿ ಸುಮಾರು ನೂರಕ್ಕೆ 7 ಪಾಲು ಮಾತ್ರ ಕೊಡಬಲ್ಲದು. ಅಷ್ಟೇ ಸಾಕು! ಒಂದು ಪರಮಾಣುವನ್ನು ಕೂತ ಜಾಗದಿಂದ ಎಬ್ಬಿಸೋದಕ್ಕೆ ಬೇಕಾದ್ದು ಬರೀ 40 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು. ಹಾಗಾಗಿ ಏಟು ತಿಂದ ಪರಮಾಣು ಪಕ್ಕದವನ್ನು, ಅದು ಇನ್ನೊಂದನ್ನು, ಹೀಗೆ ಒಂದು ಏಟಿಗೆ ನೂರಾರು ಪರಮಾಣುಗಳು ಚೆಲ್ಲಾಪಿಲ್ಲಿ. ಕೇರಂ ಬೋರ್ಡಿನಲ್ಲಿ ಮೊದಲ ಹೊಡೆತಕ್ಕೆ ಕಾಯಿಗಳು ಚದುರಿದ ಹಾಗೆ.

ಚದುರಿದವುಗಳಲ್ಲಿ ಬಹುಪಾಲು ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಪಟ್ಟು ಬೇಗ ಯಾವುದೋ ಒಂದು ಖಾಲಿ ಜಾಗಕ್ಕೆ ಮರಳುತ್ತವೆ. ಕೆಲವು ಮರಳೋದಿಲ್ಲ. ಅಲ್ಲೊಂದು ಖಾಲಿ ಸೀಟು, ಇಲ್ಲೊಂದು ಸೀಟಿಲ್ಲದೆ ನಿಂತ ಪರಮಾಣು. ವರ್ಷಗಟ್ಟಲೆ ಹೀಗಾದಾಗ ಈ ಕುಂದುಗಳು ಗುಂಪುಗೂಡುತ್ತವೆ. ಉಕ್ಕಿನಲ್ಲಿ ಸ್ವಲ್ಪ ತಾಮ್ರ ಇದ್ದರೆ ಅದೂ ಸಣ್ಣ ಸಣ್ಣ ಗಂಟುಗಳಾಗಿ ಸೇರಿಕೊಳ್ಳುತ್ತದೆ.

ಈಗ ಲೋಹ ಬಾಗೋದು ಅಂದರೆ ಏನು? ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರೋದು. ಈ ಗಂಟುಗಳು ಆ ಜಾರಿಕೆಗೆ ಅಡ್ಡ ನಿಲ್ಲುತ್ತವೆ. ಜಾರೋದು ಕಷ್ಟವಾದರೆ ಉಕ್ಕು ಗಡಸಾಯಿತು ಅಂತ ಅರ್ಥ. ಎಳೆದು ನೋಡಿದರೆ ಮೊದಲಿಗಿಂತ ಹೆಚ್ಚು ಭಾರ ತಡೆಯುತ್ತದೆ. ಕಾಗದದ ಮೇಲೆ ನೋಡಿದವರು 'ಅರೆ, ಉಕ್ಕು ಇನ್ನೂ ಗಟ್ಟಿಯಾಗಿದೆ' ಅಂತ ಖುಷಿಪಡಬೇಕು! ಆದರೆ ಬಿರುಕಿನ ತುದಿಯಲ್ಲಿ ಬಾಗಿ, ಜಾರಿ ಒತ್ತಡ ಇಳಿಸಿಕೊಳ್ಳೋ ದಾರಿ ಮುಚ್ಚಿಹೋಗಿರುತ್ತದೆ. ಬಾಗಲಾಗದ್ದು ಒಡೆಯುತ್ತದೆ. ನಮ್ಮ ಲ್ಯಾಬಿನಲ್ಲಿ ಐಸ್ ಮಾಡಿದ ಕೆಲಸವನ್ನೇ ಇಲ್ಲಿ ನ್ಯೂಟ್ರಾನು ಮಾಡುತ್ತದೆ. ಪೆಡಸಿನ ಗಡಿ ಮೇಲೆ ಮೇಲೆ ಸರಿಯುತ್ತ ಬರುತ್ತದೆ. ಮೈನಸ್ಸಿನಲ್ಲಿದ್ದ ಗಡಿ ಸೊನ್ನೆಗೆ, ಸೊನ್ನೆಯಿಂದ ಕೋಣೆಯ ಉಷ್ಣತೆಗೆ, ಅದನ್ನೂ ದಾಟಿ ಯಂತ್ರ ಕೆಲಸ ಮಾಡೋ ಉಷ್ಣತೆಗೇ ಬಂದುಬಿಟ್ಟರೆ?

ಅದೇ ಆಗಿದ್ದು ರಾಜಸ್ಥಾನದ ರಾವತ್‌ಭಾಟಾದಲ್ಲಿ.

ಭಾರತದ ಮೊದಲ ಭಾರಜಲ ವಿದ್ಯುತ್ ರಿಯಾಕ್ಟರ್ ಅದು. ಕೆನಡಾದ ಸಹಕಾರದಲ್ಲಿ ಕಟ್ಟಿದ್ದು, 1973ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಆರಂಭ. 1974ರ ಮೇ 18ರಂದು ಪೋಖ್ರಾನ್ ಸ್ಫೋಟ ಆದ ಮೇಲೆ ಕೆನಡಾದವರು ಕೈಬಿಟ್ಟರು. ಮುಂದಿನದ್ದೆಲ್ಲ ನಮ್ಮವರೇ ನೋಡಿಕೊಳ್ಳಬೇಕಾಯಿತು.

ಈ ಮಾದರಿಯ ರಿಯಾಕ್ಟರ್ ಅಡ್ಡ ಮಲಗಿಸಿದ ಡ್ರಮ್ಮಿನ ಹಾಗೆ. ಅದರ ಮೂಲಕ ಆ ಕಡೆಯಿಂದ ಈ ಕಡೆಗೆ 306 ಕೊಳವೆಗಳು, ಇಂಧನ ಇರೋದು ಅವುಗಳಲ್ಲಿ. ಡ್ರಮ್ಮಿನ ಎರಡೂ ತುದಿಗೆ ಜೇನುಹುಟ್ಟಿನಂತೆ ತೂತಿರೋ ಭಾರೀ ಉಕ್ಕಿನ ಮುಚ್ಚಳಗಳು. ಇವಕ್ಕೆ ಎಂಡ್ ಶೀಲ್ಡ್ ಅನ್ನುತ್ತಾರೆ. ಕೊಳವೆಗಳನ್ನು ಹೊತ್ತುಕೊಳ್ಳೋದು, ವಿಕಿರಣ ಹೊರಗೆ ಬಾರದಂತೆ ತಡೆಯೋದು, ಎರಡೂ ಅವುಗಳದೇ ಕೆಲಸ. ಒಳಗೆ ನೀರು ಹರಿಸಿ ಅವನ್ನು ತಣ್ಣಗಿಡುತ್ತಾರೆ.

ರಾವತ್‌ಭಾಟಾದ ಎಂಡ್ ಶೀಲ್ಡಿಗೆ ಆರಿಸಿದ್ದು ನೂರಕ್ಕೆ 3.5 ಪಾಲು ನಿಕ್ಕಲ್ ಇರೋ ಉಕ್ಕು. ಇದೇನು ಕಡಿಮೆ ದರ್ಜೆಯ ಉಕ್ಕಲ್ಲ. ಮೈನಸ್ 100 ಡಿಗ್ರಿಯ ಆಸುಪಾಸಿನಲ್ಲಿ ಅನಿಲಗಳನ್ನು ದ್ರವ ಮಾಡಿ ತುಂಬಿಡೋ ಟ್ಯಾಂಕುಗಳಿಗೆ ಬಳಸೋ ಜಾತಿ. ಚಳಿಗೆ ಪೆಡಸಾಗಬಾರದು ಅಂತಲೇ ಹುಟ್ಟಿದ ಉಕ್ಕು! ಗಡಿ ಅಷ್ಟು ಕೆಳಗಿದ್ದರೆ, ನ್ಯೂಟ್ರಾನು ಸ್ವಲ್ಪ ಮೇಲೆ ತಳ್ಳಿದರೂ ಭಯವಿಲ್ಲ ಅನ್ನೋದು ಆಯ್ಕೆಯ ಹಿಂದಿನ ಲೆಕ್ಕ. ಲೆಕ್ಕ ಕೇಳೋದಕ್ಕೆ ಸರಿಯಾಗೇ ಇದೆ.

ತಪ್ಪಿದ್ದು ಎಲ್ಲಿ ಅಂದರೆ, ತಳ್ಳಿದ್ದು ಸ್ವಲ್ಪ ಅಲ್ಲ. ಎಂಡ್ ಶೀಲ್ಡ್ ತಣ್ಣಗಿರೋ ಭಾಗ. ಬಿಸಿಯಾಗಿರೋ ಉಕ್ಕಿನಲ್ಲಿ ಚದುರಿದ ಪರಮಾಣುಗಳಿಗೆ ಓಡಾಡಿ ಮತ್ತೆ ಜಾಗ ಸೇರೋ ಶಕ್ತಿ ಇರುತ್ತದೆ, ಗಾಯ ಅಷ್ಟಷ್ಟೇ ಮಾಯುತ್ತ ಹೋಗುತ್ತದೆ. ತಣ್ಣಗಿರೋ ಉಕ್ಕಿನಲ್ಲಿ ಗಾಯ ಮಾಯೋದಿಲ್ಲ, ಕೂಡುತ್ತಲೇ ಹೋಗುತ್ತದೆ. ತಂಪಾಗಿಟ್ಟು ಕಾಪಾಡುತ್ತೇವೆ ಅಂದುಕೊಂಡಿದ್ದೇ ಮುಳುವಾಯಿತು. 1980ರ ದಶಕದ ಆರಂಭದಲ್ಲಿ ದಕ್ಷಿಣದ ಕಡೆಯ ಎಂಡ್ ಶೀಲ್ಡಿನಲ್ಲಿ ಬಿರುಕು ಕಾಣಿಸಿಕೊಂಡು ನೀರು ಸೋರತೊಡಗಿತು. ಒಳಗೆ ಹೋಗಿ ಬೆಸುಗೆ ಹಾಕೋಣ ಅಂದರೆ ವಿಕಿರಣ. ದೂರದಿಂದಲೇ ಕೆಲಸ ಮಾಡೋ ಸಲಕರಣೆ ತಯಾರಿಸಿಕೊಂಡು ಸೋರಿಕೆ ತಡೆಯೋ ಪ್ರಯತ್ನಗಳಾದವು. ರಿಯಾಕ್ಟರ್ ದೀರ್ಘಕಾಲ ನಿಂತಿತು. ಮತ್ತೆ ಓಡಿದಾಗಲೂ 220 ಮೆಗಾವಾಟ್‌ಗೆ ಕಟ್ಟಿದ್ದನ್ನು 100 ಮೆಗಾವಾಟ್‌ಗೆ ಇಳಿಸಿದರು. 2004ರ ಅಕ್ಟೋಬರಿನಲ್ಲಿ ನಿಂತದ್ದು ಮತ್ತೆ ವಿದ್ಯುತ್ ಕೊಡಲಿಲ್ಲ.

ಇದು ನಮ್ಮವರ ಅಜ್ಞಾನ ಅಂತ ಯಾರಾದರೂ ಮೂಗು ಮುರಿದರೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಓಕ್ ರಿಜ್ ಅಂದರೆ ಈ ವಿದ್ಯೆಯ ತವರುಮನೆ. ಅಲ್ಲಿನ ಒಂದು ದೊಡ್ಡ ಸಂಶೋಧನಾ ರಿಯಾಕ್ಟರಿನ ಉಕ್ಕಿನ ಪಾತ್ರೆ ತಾವು ಲೆಕ್ಕ ಹಾಕಿದ್ದಕ್ಕಿಂತ ಬೇಗ ಪೆಡಸಾಗುತ್ತಿದೆ ಅನ್ನೋದು 1986ರಲ್ಲಿ ಗೊತ್ತಾಯಿತು. ಅದೂ ತಣ್ಣಗೆ ಓಡೋ ರಿಯಾಕ್ಟರೇ. ನಿಲ್ಲಿಸಿ, ಪರೀಕ್ಷೆ ಮಾಡಿ, ಆಮೇಲೆ 100 ಮೆಗಾವಾಟ್‌ನಿಂದ 85ಕ್ಕೆ ಇಳಿಸಿ ಓಡಿಸಿದರು.

ಅವರಿಗೆ ಗೊತ್ತಾಗಿದ್ದು ಹೇಗೆ? ಇಲ್ಲಿ ಒಂದು ಚಂದದ ಉಪಾಯ ಇದೆ. ರಿಯಾಕ್ಟರ್ ಕಟ್ಟುವಾಗಲೇ ಅದೇ ಉಕ್ಕಿನಿಂದ, ಅದೇ ಬೆಸುಗೆಯಿಂದ ಚಾರ್ಪಿ ತುಂಡುಗಳನ್ನು ಕೊರೆದು, ಡಬ್ಬಿಯಲ್ಲಿಟ್ಟು, ಪಾತ್ರೆಯ ಒಳಗೋಡೆಯ ಹತ್ತಿರ ನೇತುಹಾಕಿಬಿಡುತ್ತಾರೆ. ಪಾತ್ರೆ ತಿಂದ ಏಟನ್ನೇ ಅವೂ ತಿನ್ನುತ್ತವೆ. ಕೆಲವು ವರ್ಷಕ್ಕೊಮ್ಮೆ ಒಂದೊಂದೇ ಡಬ್ಬಿ ತೆಗೆದು, ದಪ್ಪ ಗೋಡೆಯ ಕೋಣೆಯೊಳಗೆ ಯಂತ್ರದ ಕೈಗಳಿಂದ ತುಂಡನ್ನಿಟ್ಟು ಸುತ್ತಿಗೆ ಬಿಡುತ್ತಾರೆ. ಅದೇ ನಮ್ಮ ದಾವಣಗೆರೆ ಲ್ಯಾಬಿನ ಸುತ್ತಿಗೆ! ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ. 1969ರಿಂದ ವಿದ್ಯುತ್ ಕೊಡತೊಡಗಿದ ತಾರಾಪುರದ ರಿಯಾಕ್ಟರುಗಳ ಪಾತ್ರೆಯಲ್ಲೂ ಇಂಥ ಸಾಕ್ಷಿ ತುಂಡುಗಳಿದ್ದವು. ಅವನ್ನು ಪರೀಕ್ಷಿಸಿದ್ದು ಭಾಭಾ ಅಣು ಸಂಶೋಧನಾ ಕೇಂದ್ರದವರು.

ಹೀಗೆ ಮುರಿದು ನೋಡಿಯೇ ಕಲಿತದ್ದು ಬಹಳ. ಉಕ್ಕಿನಲ್ಲಿ ತಾಮ್ರ, ರಂಜಕ ಇದ್ದರೆ ಪೆಡಸುತನ ಬೇಗ ಬರುತ್ತದೆ ಅನ್ನೋದು 1960ರ ದಶಕದ ಕೊನೆಗೆ ಸ್ಪಷ್ಟವಾಯಿತು. ಬೆಸುಗೆ ಕಡ್ಡಿಗೆ ತುಕ್ಕು ಹಿಡಿಯದಿರಲಿ ಅಂತ ಲೇಪಿಸುತ್ತಿದ್ದ ತಾಮ್ರವೇ ಹಲವು ಪಾತ್ರೆಗಳ ಬೆಸುಗೆಯೊಳಗೆ ಸೇರಿಹೋಗಿತ್ತು. ಪೆಡಸಾದ ಪಾತ್ರೆಯ ದೊಡ್ಡ ಭಯ ಇರೋದು ಅವಘಡದ ಹೊತ್ತಿನಲ್ಲಿ. ಬಿಸಿ ಪಾತ್ರೆಗೆ ಏಕಾಏಕಿ ತಣ್ಣೀರು ನುಗ್ಗಿಸಬೇಕಾದಾಗ ಏನಾಗುತ್ತದೆ? ಉರಿಯೋ ಲಾಟೀನಿನ ಗಾಜಿಗೆ ನೀರು ಚಿಮುಕಿಸಿ ನೋಡಿದವರಿಗೆ ಗೊತ್ತು. ಅಮೆರಿಕದ ಯಾಂಕೀ ರೋ ಅನ್ನೋ ಸ್ಥಾವರ 1991ರಲ್ಲಿ ನಿಂತಿದ್ದು ಈ ಪ್ರಶ್ನೆಯಿಂದಲೇ. ಅದರ ಪಾತ್ರೆ ಒಡೆದಿರಲಿಲ್ಲ. ಒಡೆಯೋದಿಲ್ಲ ಅಂತ ತೋರಿಸಿಕೊಡೋದಕ್ಕೆ ಬೇಕಾದ ಪುರಾವೆ ಕೈಯಲ್ಲಿರಲಿಲ್ಲ. 1992ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು.

ರಷ್ಯನ್ನರು ಇನ್ನೊಂದು ದಾರಿ ಹಿಡಿದರು. 1987ರಲ್ಲಿ ನೊವೊವೊರೊನೆಜ್‌ನ ಮೂರನೇ ರಿಯಾಕ್ಟರಿನ ಪೆಡಸಾದ ಪಾತ್ರೆಗೆ, ಖಾಲಿ ಮಾಡಿ, ಒಳಗೆ ಹೀಟರ್ ಇಳಿಸಿ, 400 ಡಿಗ್ರಿಗೂ ಮೇಲೆ ದಿನಗಟ್ಟಲೆ ಕಾಯಿಸಿದರು. ಚದುರಿದ ಪರಮಾಣುಗಳು ಜಾಗ ಸೇರಿದವು, ತಾಳಿಕೆ ಬಹುಪಾಲು ಮರಳಿತು. ಹದ ತಪ್ಪಿದ ಕುಡುಗೋಲನ್ನು ಕಮ್ಮಾರ ಮತ್ತೆ ಕುಲುಮೆಗಿಟ್ಟು ಹದಕ್ಕೆ ತಂದ ಹಾಗೇ ಅಲ್ಲವೇ?

ಇನ್ನು ನಮ್ಮ ಕೈಗಾ. ಮಾವ ಪ್ರಶ್ನೆ ಕೇಳುತ್ತಿದ್ದ ಹೊತ್ತಿಗೆ ರಾವತ್‌ಭಾಟಾದ ಪಾಠ ಕೈಗಾದ ನಕ್ಷೆಯೊಳಗೆ ಬಂದಾಗಿತ್ತು. ನರೋರಾ, ಕಾಕ್ರಾಪಾರ್, ಕೈಗಾ ಇವುಗಳ ಎಂಡ್ ಶೀಲ್ಡುಗಳನ್ನು 304ಎಲ್ ಅನ್ನೋ ಸ್ಟೇನ್‌ಲೆಸ್ ಸ್ಟೀಲಿನಿಂದ ಮಾಡಿದರು. ನಮ್ಮ ಅಡುಗೆಮನೆಯ ಒಳ್ಳೆ ಸ್ಟೀಲ್ ಪಾತ್ರೆಗಳ ಹತ್ತಿರದ ನೆಂಟ. ಅದರಲ್ಲಿ ಕ್ರೋಮಿಯಂ 18, ನಿಕ್ಕಲ್ 8ಕ್ಕೂ ಹೆಚ್ಚು ಪಾಲು. ತಮಾಷೆ ನೋಡಿ, ನಿಕ್ಕಲ್ 3.5 ಇದ್ದಾಗ ಉಕ್ಕಿನ ಗಡಿ ಕೆಳಗೆ ಸರಿದಿತ್ತು ಅಷ್ಟೇ. ಇಲ್ಲಿ ಪರಮಾಣುಗಳು ಕೂರೋ ಕ್ರಮವೇ ಬದಲಾಗಿಬಿಡುತ್ತದೆ. ಈ ಕ್ರಮದಲ್ಲಿ ಸಾಲುಗಳು ಚಳಿಯಲ್ಲೂ ಸಲೀಸಾಗಿ ಜಾರುತ್ತವೆ. ನ್ಯೂಟ್ರಾನು ಇದನ್ನೂ ಗಡಸು ಮಾಡುತ್ತದೆ, ತಾಳಿಕೆಯನ್ನೂ ಅಷ್ಟಿಷ್ಟು ತಿನ್ನುತ್ತದೆ. ಆದರೆ ಪಟ್ ಅಂತ ಒಡೆಯೋ ಆ ಗಡಿ ಇದಕ್ಕಿಲ್ಲ. ಕೈಗಾ ಮಾದರಿಯಲ್ಲಿ ಒಂದು ದೊಡ್ಡ ಒತ್ತಡದ ಪಾತ್ರೆಯೂ ಇಲ್ಲ. ಒತ್ತಡ ಹೊರೋದು ಜಿರ್ಕೋನಿಯಂ ಕೊಳವೆಗಳು. ಅವಕ್ಕೂ ತಮ್ಮದೇ ಕಾಯಿಲೆಗಳಿವೆ, ಆದರೆ ಹಳೆಯದಾದರೆ ಬದಲಾಯಿಸಬಹುದು. ಅದು ಇನ್ನೊಂದು ಕಥೆ.

ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2000ದಲ್ಲಿ. ಅದಕ್ಕೂ ಮುಂಚೆ 1994ರ ಮೇ 13ರಂದು ಒಂದನೇ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟು ಕುಸಿದಿತ್ತು. ಜನರ ಅನುಮಾನ ಬರೀ ಭಯ ಅಲ್ಲ ಅಂತ ಅವತ್ತು ಗೊತ್ತಾಯಿತು. ಅದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡೋದು ಬೇಡ.

ನನಗೆ ಅನ್ನಿಸೋದು ಇಷ್ಟು. ಕೈಗಾ ಬೇಕು ಅಂದವರೂ ಬೇಡ ಅಂದವರೂ ಆಗ ಜೋರಾಗಿ ಮಾತಾಡಿದರು. ಬೇಕು ಅಂದವರು 'ಏನೂ ಆಗಲ್ಲ' ಅಂದರು, ಬೇಡ ಅಂದವರು 'ಎಲ್ಲ ಹೋಯಿತು' ಅಂದರು. 'ರಾವತ್‌ಭಾಟಾದಲ್ಲಿ ಹೀಗೆ ಬಿರುಕು ಬಿಟ್ಟಿತು, ಕಾರಣ ಇದು, ಅದಕ್ಕೇ ಇಲ್ಲಿ ಉಕ್ಕು ಬದಲಾಯಿಸಿದ್ದೇವೆ' ಅಂತ ಒಬ್ಬರಾದರೂ ಬಿಡಿಸಿ ಕನ್ನಡದಲ್ಲಿ ಹೇಳಿದ್ದನ್ನು ನಾನಂತೂ ಓದಲಿಲ್ಲ. ಹೇಳಿದ್ದರೆ ಹರಿಹರದ ಒಬ್ಬ ಟರ್ನರಿಗೆ ಅರ್ಥವಾಗುತ್ತಿತ್ತು, ಯಾವ ಪದವಿಯೂ ಇಲ್ಲದೆ. ಅವರ ಕೈಯಲ್ಲಿ ದಿನಾ ಟೂಲ್ ಮುರಿಯುತ್ತಿತ್ತು. ಹದ ಅಂದರೆ ಏನು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಪ್ಪು ಒಪ್ಪಿಕೊಂಡು ಹೇಳಿದ ಮಾತನ್ನು ಜನ ನಂಬುತ್ತಾರೆ. 'ಏನೂ ಆಗಲ್ಲ' ಅನ್ನೋದನ್ನು ನಂಬೋದಿಲ್ಲ.

ಹೊಸ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿತು. ಮಾವನೂ ಈಗಿಲ್ಲ. ಉತ್ತರ ಹಿಡಿದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಆದರೂ ಹೇಳಿಬಿಡುತ್ತೇನೆ: ಹೌದು ಮಾವ, ಕಳ್ಕಂತತೆ. ಆ ಬೆಂಕಿಯಲ್ಲಿ ಉಕ್ಕು ಹದ ಕಳ್ಕಂತತೆ. ಅದಕ್ಕೇ ಆಗಾಗ ಒಂದು ತುಂಡು ಮುರಿದು ನೋಡ್ತಿರಬೇಕು.

ಕಾರವಾರ, ಯಲ್ಲಾಪುರದ ಕಡೆಯ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ದಿನಗಳಲ್ಲಿ ನಿಮ್ಮೂರಲ್ಲಿ ಇದರ ಬಗ್ಗೆ ಏನು ಮಾತಾಡಿಕೊಳ್ಳುತ್ತಿದ್ದರು ಅಂತ ಬರೆಯಿರಿ. ಬಿಡಿಟಿಯಲ್ಲಿ ಆ ಸುತ್ತಿಗೆ ಬಿಟ್ಟವರಿದ್ದರೆ ನೀವೂ ಬರೆಯಿರಿ. ಐಸ್ ತರೋದಕ್ಕೆ ಹೋಗಿ ಅರ್ಧ ದಾರಿಯಲ್ಲೇ ತಿಂದು ಮುಗಿಸಿದವರ ಹೆಸರು ನಾನು ಹೇಳೋದಿಲ್ಲ :)